ಜೇಡದ ತಲೆಗೆ ಕಟ್ಟಿದ ತುಟಿಯ ಗುಳ್ಳೆ

ಆಕೆ ಮೊದಲು ನಕ್ಕರೋ ಮಾತಾಡಿದರೋ, ಖಚಿತವಿಲ್ಲ. ನನ್ನ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಮಾತಂತೂ ಇದೇ: "ಇದೇನ್ರೀ, ತುಟಿಗೆ ಸುಣ್ಣ ಹೊಡ್ಸಿದೀರಿ?"

ಆಕೆ ಕೊಟ್ಟಿಗೆಹಾರದ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್. ನನ್ನ ತುಟಿಯಂಚಿನಲ್ಲಿ ನೀರುಗುಳ್ಳೆ ಎದ್ದಿತ್ತು. ಅಪ್ಪನ ತಂಗಿ ಸರೋಜತ್ತೆ, "ಜೇಡ ಉಚ್ಚೆ ಹೊಯ್ದಿದೆ" ಎಂದು ಎಲೆಅಡಿಕೆ ತಟ್ಟೆಯ ಸುಣ್ಣ ಮೆತ್ತಿದ್ದರು. ಮರುದಿನ ತಮ್ಮನ ಮಗುವಿಗೆ ನಾಮಕರಣ. ಸೋದರತ್ತೆಯಾಗಿ ಅದರ ಕಿವಿಯಲ್ಲಿ ಹೆಸರು ಉಸುರಬೇಕಾದವಳು ನಾನು.

"ಪಾಪ, ಜೇಡದ್ದೇನೂ ತಪ್ಪಿಲ್ಲ. ಇದು ವೈರಸ್ಸು. ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ಯಾರದ್ದೋ ಮುತ್ತಿನಿಂದ ಬಂದಿರುತ್ತೆ. ಆಮೇಲೆ ಮೈಯಲ್ಲೇ ಇದ್ದು, ಜ್ವರ, ಸುಸ್ತು ಆದಾಗ ಏಳುತ್ತೆ" ಎಂದು ಆಕೆ ಒಂದು ಮುಲಾಮು ಕೊಟ್ಟರು. "ಸುಣ್ಣ ತೊಳ್ದು ಇದನ್ನ ಹಚ್ಚಿ, ಕೈ ತೊಳ್ಕೊಳ್ಳಿ. ಮುಂದಿನ ಸಲ ತುಟಿ ಚುರುಚುರು ಅಂದ ಕೂಡ್ಲೇ ಹಚ್ಚಿ. ಗಾಯ ಪೂರ್ತಿ ಮಾಯೋವರೆಗೂ ಮಗುಗೆ ಮುತ್ತು ಕೊಡ್ಬೇಡಿ. ಎಳೆಗೂಸಿಗೆ ಇದು ಅಪಾಯ."

"ಮತ್ತೆ ಹೆಸರು?"

"ಮಾಸ್ಕ್ ಹಾಕ್ಕೊಂಡು ದೂರದಿಂದ ಕೂಗಿ, ಮಾರಾಯ್ರೆ. ಮಗುಗೆ ಕಿವಿ ಕೇಳುತ್ತಲ್ಲ!"

ಹಾಗೇ ಮಾಡಿದೆ. ಬಾಗಿಲ ಬಳಿ ನಿಂತು ಕೂಗಿದ ಹೆಸರು ಅಂಗಳದ ನೆಂಟರಿಗೆಲ್ಲ ಕೇಳಿತು. ತೊಟ್ಟಿಲಲ್ಲಿದ್ದವಳು ಮಾತ್ರ ನಿದ್ದೆಯಿಂದ ಏಳಲಿಲ್ಲ.

ಈಗ ನನ್ನ ಗುಳ್ಳೆ ಮಾಯವಾಗಿದೆ. ಸರೋಜತ್ತೆಯ ತುಟಿಗೆ ವರ್ಷಕ್ಕೊಮ್ಮೆಯಾದರೂ ಇಂಥದ್ದೇ 'ಜೇಡ' ಬರುತ್ತದೆ. ನನಗೆ ಹೆಸರಿಟ್ಟವರೂ ಅವರೇ. ಮೊನ್ನೆ ನಾನು ಈ ಪ್ರಶ್ನೆ ಕೇಳಿದ ಕೂಡಲೇ ಅವರು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು: "ಅತ್ತೆ, ನನ್ನ ಕಿವೀಲಿ ಹೆಸರು ಹೇಳಿದ ದಿನ, ಒಂದು ಮುತ್ತೂ ಕೊಟ್ಟಿದ್ರಾ?"