ನಾಲ್ಕು ಮೂವತ್ತೊಂದಕ್ಕೆ ಬಂದ ಹನ್ನೊಂದು ಫೈಲುಗಳು

"ಮಮ್ಮಿ, ಲ್ಯಾಪ್‌ಟಾಪಿಗೆ ಏನು ಹಾಕಿದ್ದೀ ನೀನು?"

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮಗಳು ಶ್ರಾವ್ಯಾ ಕೂಗಿದ ರೀತಿಗೆ ನನ್ನ ಕೈಯಲ್ಲಿದ್ದ ಆರತಿ ತಟ್ಟೆ ಅಲುಗಿತು. ಹತ್ತೂವರೆಗೆ ಅವಳ ಎಂಬಿಎ ಪ್ರವೇಶ ಪರೀಕ್ಷೆ. ಮನೆಯಲ್ಲೇ, ಕ್ಯಾಮೆರಾದ ಮುಂದೆ ಕೂತು ಬರೆಯುವಂಥದ್ದು. ಅಷ್ಟರೊಳಗೆ ಲಾಗಿನ್ ಆಗದಿದ್ದರೆ ಬಾಗಿಲು ಬಂದ್. ಮತ್ತೆ ಒಂದು ವರ್ಷ ಕಾಯಬೇಕು.

ಸ್ಕ್ರೀನ್ ಮೇಲೆ ಕೆಂಪು ಅಕ್ಷರ. ಹೊರಗಿನವರಿಗೆ ನಿಮ್ಮ ಸ್ಕ್ರೀನ್ ತೋರಿಸುವ ಪ್ರೋಗ್ರಾಂ ಒಂದು ಓಡುತ್ತಿದೆ, ತೆಗೆದು ಬನ್ನಿ ಎನ್ನುತ್ತಿತ್ತು.

"ನಾನು ಎಂಥದೂ ಹಾಕಲಿಲ್ಲ ಮಾರಾಯ್ತಿ. ಒಂದು ಪಂಚಾಂಗ, ಅಷ್ಟೇ."

"ಪಂಚಾಂಗ? ಕಹಾಂ ಸೆ? ಎಲ್ಲಿಂದ ತಂದಿ?"

"ಫ್ರೀ ಇತ್ತು."

ಅವಳು ಹಣೆ ಚಚ್ಚಿಕೊಂಡಳು.

ತಪ್ಪು ನನ್ನದೇ. ನಮ್ಮ ಮಲಾಡ್ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಡಬೇಕಿತ್ತು. ದಿನ ನೋಡಲಿಕ್ಕೆಂದು ಆ ಪಂಚಾಂಗ ಇಳಿಸಿಕೊಂಡೆ. ಅದು ಕೇಳಿದ್ದಕ್ಕೆಲ್ಲ ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ. (ನೀವು ಓದಿ ಒತ್ತುತ್ತೀರಾ? ಸತ್ಯ ಹೇಳಿ.) ಭಜನೆಗೆಂದು ಪಕ್ಕದ ಮನೆಯ ಪಾತ್ರೆ ತಂದರೆ ಬೆರೆತುಹೋಗದಿರಲೆಂದು ಅಡಿಯಲ್ಲಿ ನೇಲ್ ಪಾಲಿಶ್ ಚುಕ್ಕೆ ಇಡುವವಳು ನಾನು. ಕಂಪ್ಯೂಟರಿನೊಳಗೆ ಯಾರು ಬಂದರು, ಜೊತೆಗೆ ಯಾರನ್ನು ಕರೆತಂದರು ಎಂದು ನೋಡಲೇ ಇಲ್ಲ.

ಪಂಚಾಂಗವನ್ನು ಕಿತ್ತು ಹಾಕಿದ್ದಾಯಿತು. ಕೆಂಪು ಅಕ್ಷರ ಹಾಗೇ ಇತ್ತು. ಗಂಟೆ ಹತ್ತು ದಾಟಿ ಹನ್ನೆರಡು ನಿಮಿಷ. ನಮ್ಮವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಪಾರ್ಲೆಯ ಅವರ ಹೋಟೆಲಿನಲ್ಲಿ ಅದು ತಿಂಡಿಯ ಗಡಿಬಿಡಿಯ ಹೊತ್ತು.

"ಅದರ ಜೊತೆ ಬಂದದ್ದು ಇನ್ನೂ ಒಳಗೇ ಉಂಟು. ಕೌನ್ ಸಾ ಫೈಲ್ ಅಂತ ಹೇಗೆ ಹುಡುಕುವುದು?" ಶ್ರಾವ್ಯಾ ನನ್ನ ಕಡೆ ತಿರುಗಿದಳು. "ಯಾವತ್ತು ಹಾಕಿದ್ದು?"

"ಮಂಗಳವಾರ."

ಮಂಗಳವಾರ ಬಂದ ಫೈಲುಗಳನ್ನೆಲ್ಲ ಹುಡುಕಿದಳು. ನೂರಾರು! ಕಂಪ್ಯೂಟರು ಅದೇ ದಿನ ತಾನೇ ಏನೇನೋ ಅಪ್‌ಡೇಟ್ ಮಾಡಿಕೊಂಡಿತ್ತು. ಗೊತ್ತಿಲ್ಲದ್ದನ್ನು ಅಳಿಸಿದರೆ ಲ್ಯಾಪ್‌ಟಾಪೇ ಹೋದೀತು.

"ಎಷ್ಟು ಗಂಟೆಗೆ? ನೆನಪುಂಟಾ?"

"ನಾಲ್ಕು ಮೂವತ್ತೊಂದಕ್ಕೆ."

"ಅಂದಾಜು ಬೇಡ ಮಮ್ಮಿ, ಪ್ಲೀಸ್!"

"ಅಂದಾಜಲ್ಲ. ಮಂಗಳವಾರ ನಾಲ್ಕೂವರೆ ತನಕ ರಾಹುಕಾಲ. ಗಡಿಯಾರ ನೋಡ್ತಾ ಕೂತಿದ್ದೆ. ಮುಗಿದು ಒಂದು ನಿಮಿಷ ಬಿಟ್ಟು ಒತ್ತಿದ್ದು."

ಬೇರೆ ದಿನವಾದರೆ ನಗುತ್ತಿದ್ದಳು. ಅವತ್ತು ಪಟ್ಟಿಯನ್ನು ಸರಸರ ಕೆಳಗೆ ಸರಿಸಿದಳು. ನಾಲ್ಕು ಮೂವತ್ತೊಂದರಿಂದ ಮೂವತ್ತಮೂರರೊಳಗೆ ಹನ್ನೊಂದು ಫೈಲು. ಎಲ್ಲವೂ ಒಂದೇ ಫೋಲ್ಡರಿನಲ್ಲಿ. ಆ ಫೋಲ್ಡರಿನ ಹೆಸರಿಗೂ ಪಂಚಾಂಗಕ್ಕೂ ಯಾವ ಸಂಬಂಧವೂ ಇಲ್ಲ.

"ಯಹೀ ಹೈ! ಇದೇ!"

ಅಳಿಸಲು ಹೋದರೆ ಆಗದು ಎಂದಿತು. ಓಡುತ್ತಿದೆಯಂತೆ. ಮೊದಲು ನಿಲ್ಲಿಸಿದಳು, ಆಮೇಲೆ ಅಳಿಸಿದಳು, ಲ್ಯಾಪ್‌ಟಾಪನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಸ್ಕ್ರೀನಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು. ನಾನು ಅವಳ ಕುರ್ಚಿಯ ಬೆನ್ನು ಹಿಡಿದು ವೆಂಕಟರಮಣನನ್ನು ಕರೆಯುತ್ತಾ ನಿಂತೆ. (ಕರೆಂಟ್ ಇತ್ತಲ್ಲ, ವೈಫೈ ಇತ್ತಲ್ಲ. ಅದಕ್ಕೊಂದು, ಇದಕ್ಕೊಂದು ನಮಸ್ಕಾರ.)

ಹತ್ತು ಇಪ್ಪತ್ತೇಳು. ಪಾಸ್‌ವರ್ಡ್ ತಪ್ಪು. ಅವಳು ಮತ್ತೆ ಗಡಿಬಿಡಿಯಲ್ಲಿ ಒತ್ತತೊಡಗಿದಳು.

"ನಿಧಾನ ಮಗಾ."

ಹತ್ತು ಇಪ್ಪತ್ತೆಂಟಕ್ಕೆ ಹಸಿರು ಅಕ್ಷರ ಬಂತು.

"ಮಮ್ಮಿ, ಬಾಹರ್! ಕ್ಯಾಮೆರಾದಲ್ಲಿ ಕಾಣ್ತೀ!"

ಬಾಗಿಲೆಳೆದುಕೊಂಡು ಹೊರಬಂದು ನೆಲದ ಮೇಲೆ ಕೂತುಬಿಟ್ಟೆ.

ಈಗ ಲ್ಯಾಪ್‌ಟಾಪಿನ ಪಕ್ಕ ಒಂದು ನೋಟ್‌ಬುಕ್ ಇದೆ. ಹೊಸತೇನಾದರೂ ಹಾಕುವ ಮೊದಲು ಯಾವ ಯಾವ ಫೋಲ್ಡರ್ ಇವೆ ಎಂದು ಬರೆಯುತ್ತೇನೆ. ಹಾಕಿದ ಮೇಲೆ ಮತ್ತೆ ತಾಳೆ ನೋಡುತ್ತೇನೆ. ಹೆಚ್ಚಿಗೆ ಕಂಡದ್ದನ್ನು ಮಗಳಿಗೆ ತೋರಿಸದೆ ಒಳಗಿಟ್ಟುಕೊಳ್ಳುವುದಿಲ್ಲ.

ಮಗಳು ಈಗ ಗೆಳತಿಯರಿಗೆಲ್ಲ ಹೇಳುತ್ತಿದ್ದಾಳೆ, ಮಮ್ಮಿಯ ರಾಹುಕಾಲ ನನ್ನ ಪರೀಕ್ಷೆ ಉಳಿಸಿತು ಎಂದು.

ಶುಕ್ರವಾರದ ರಾಹುಕಾಲ ಶುರುವಾಗುವುದು ಸರಿಯಾಗಿ ಹತ್ತೂವರೆಗೆ. ಅವಳಿಗೆ ನಾನು ಹೇಳಿಲ್ಲ, ನೀವೂ ಹೇಳುವುದಿಲ್ಲ ತಾನೆ?