ಕಿಸೆಯೊಳಗಿನ ಗುಬ್ಬಿ ಎಂಜಲು

ಮೊಮ್ಮಗಳ ಫ್ರಾಕಿನ ಕಿಸೆಗೆ ಇರುವೆ ಹತ್ತಿದ್ದವು. ನೆನೆಹಾಕುವ ಮುನ್ನ ಕಿಸೆ ಹೊರಳಿಸಿ ನೋಡಿದರೆ ಅರ್ಧ ಶೇಂಗಾ ಚಿಕ್ಕಿ. ಬೆಲ್ಲ ಕರಗಿ ಬಟ್ಟೆಗೆ ಅಂಟಿಕೊಂಡಿತ್ತು. ಬೈಯಬೇಕೆಂದು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ನನ್ನ ಬಾಯಿ ಸಣ್ಣದೆಂದು ಓಣಿಯಲ್ಲಿ ಯಾರೂ ಹೇಳಲಾರರು, ಆದರೆ ಆ ದಿನಗಳಲ್ಲಿ ಬೈಯುವುದಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ.

ಪಾರಿಗೆ ಆಗಷ್ಟೇ ಮೂರು ತುಂಬಿತ್ತು. ಅವಳ ತಾಯಿ, ಅಂದರೆ ನನ್ನ ಒಬ್ಬಳೇ ಮಗಳು, ಚಡಚಣದ ಗಂಡನ ಮನೆಯಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಅಳಿಯ ದ್ರಾಕ್ಷಿ ವ್ಯಾಪಾರಕ್ಕೆಂದು ಊರೂರು ತಿರುಗುವವನು. ಕೂಸನ್ನು ನಾನೇ ಸಿಂದಗಿಗೆ ಕರೆತಂದೆ. ಮಣ್ಣು ಕೊಟ್ಟು ಬಂದ ದಿನ ಮನೆಯಲ್ಲಿ ನೆರೆದ ಹೆಂಗಸರು, "ನಿಮ್ಮವ್ವ ದೇವಣಗಾಂವಕ್ಕ ಹೋಗ್ಯಾಳ, ನಾಳಿ ಬರ್ತಾಳ" ಎಂದು ಅದರ ಅಳು ನಿಲ್ಲಿಸಿದ್ದರು. ಸಾವಿಗೆ ಹೀಗೆ ಒಂದು ಊರಿನ ಹೆಸರು ಕೊಟ್ಟು ಮಕ್ಕಳನ್ನು ಸಮಾಧಾನ ಮಾಡುವುದು ನಮ್ಮಲ್ಲಿ ರೂಢಿ. ಹೇಳಿದವರು ಮರೆತು ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಕೂಸಿಗೆ ಮಾತ್ರ ಆ ನಾಳೆ ಪ್ರತಿದಿನವೂ ಬೆಳಗಾಗುತ್ತದೆ.

ಓಣಿಯ ಅಂಗನವಾಡಿಗೆ ಅವಳನ್ನು ಹಚ್ಚಿದೆ. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತರೆ ಮಾತ್ರ ತಾನು ಒಳಗೆ ಇರುವುದೆಂದು ಅವಳ ಕರಾರು. ಹೀಗಾಗಿ ಈ ಮುಪ್ಪಿನಲ್ಲಿ ನನಗೂ ಶಾಲೆ ತಪ್ಪಲಿಲ್ಲ. ನೀವು ಎಂದಾದರೂ ಕಿಟಕಿಯಿಂದ ಅಂಗನವಾಡಿಯನ್ನು ನೋಡಿದ್ದೀರಾ? ಎಡಗಾಲ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಬಂದವರು, ಪ್ರಾರ್ಥನೆಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಒಲೆಯ ಮೇಲಿನ ಉಪ್ಪಿಟ್ಟನ್ನು ಕಾಯುವವರು, ಮುಂಜಾನೆ ಕೂದಲು ಹಿಡಿದು ಎಳೆದಾಡಿ ಮಧ್ಯಾಹ್ನ ಒಂದೇ ಚಾಪೆಯಲ್ಲಿ ಒಬ್ಬರ ಮೇಲೊಬ್ಬರು ಕಾಲು ಹಾಕಿ ಮಲಗುವವರು! ಈ ಗದ್ದಲದ ನಡುವೆ ಪಾರಿ ಬಾಗಿಲು ಕಾಣುವ ಜಾಗ ಹಿಡಿದು ಕೂರುತ್ತಿದ್ದಳು. ಎಲ್ಲರೂ ಹಾಡಿ ಮುಗಿಸಿದ ಮೇಲೆ ಅವಳು ಕೈ ತಿರುಗಿಸುತ್ತಿದ್ದಳು. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಉಳಿದ ಮಕ್ಕಳು ಕೂಗುತ್ತಿದ್ದವು. ಪಾರಿ ಎದ್ದು ನಿಲ್ಲುತ್ತಿದ್ದಳು.

ಚಿಕ್ಕಿ ಹಂಚಿದಾಗ ಮಾತ್ರ ಅವಳಿಗೆ ಎಲ್ಲಿಲ್ಲದ ಚುರುಕು. ಫ್ರಾಕಿನ ಅಂಚಿನಲ್ಲಿ ಅದನ್ನು ಸುತ್ತಿ, ಬಟ್ಟೆಯ ಮೇಲಿಂದಲೇ ಕಚ್ಚಿ ಎರಡು ಮಾಡುವಳು. ಇದೇ ಗುಬ್ಬಿ ಎಂಜಲು. ನಡುವೆ ಬಟ್ಟೆಯಿದ್ದರೆ ಎಂಜಲಿನ ದೋಷವಿಲ್ಲ. ದೊಡ್ಡವರ ಮಡಿವಂತಿಕೆಯಲ್ಲೂ ಹಂಚಿ ತಿನ್ನಲು ಮಕ್ಕಳು ಕಂಡುಕೊಂಡ ಕಿಂಡಿಯಿದು. ನಾನು ನನ್ನ ಮಗಳಿಗೆ ಕಲಿಸಿದ್ದೆ, ಅವಳು ತನ್ನ ಮಗಳಿಗೆ. ಒಂದು ತುಂಡು ಪಾರಿಯ ಬಾಯಿಗೆ, ಇನ್ನೊಂದು ಕಿಸೆಗೆ.

"ಪೂರಾ ತಿನ್ನವಾ, ಕಿಸೇದಾಗ ಯಾಕ ಇಡ್ತಿ?" ಎಂದು ಅಂಗನವಾಡಿಯ ಅಕ್ಕೋರು ಒಮ್ಮೆ ಕೇಳಿದರು.

"ನಮ್ಮವ್ವಗ."

ಅಕ್ಕೋರು ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತರು. "ಹೇಳಿಬಿಡ್ರಿ ಆಯೀ. ಕೂಸು ದಿನಾ ದಾರಿ ಕಾಯತೈತಿ."

"ಏನಂತ ಹೇಳ್ಲಿ ನಮ್ಮವ್ವಾ, ನನಗಽ ಇನ್ನೂ ಖರೆ ಅನಸವಲ್ದು" ಎಂದೆ.

ಮನೆಗೆ ಬಂದೊಡನೆ, ನಿದ್ದೆಗಣ್ಣಲ್ಲಿ ಮರೆತ ದಿನ ಬಿಟ್ಟರೆ, ಪಾರಿ ಆ ಚೂರನ್ನು ನನ್ನ ಕೈಗಿಟ್ಟು, "ಅವ್ವ ಬಂದ್ರ ಕೊಡು" ಎಂದು ಮಲಗುವಳು; ಎದ್ದವಳೇ "ತಿಂದ್ಲಾ?" ಎಂದು ಕೇಳುವಳು. ತಿಂದಳೆನ್ನುತ್ತಿದ್ದೆ. ತಿಂದವಳು ನಾನು. ಮಗಳ ಪಾಲನ್ನು ತಿಪ್ಪೆಗೆ ಎಸೆಯಲು ಕೈ ಬರುತ್ತಿರಲಿಲ್ಲ. ಕೂಸು ತಾಯಿಯನ್ನು ಮರೆಯಲಿ ಎಂದು ಮುಂಜಾನೆ ವಿಭೂತಿ ಹಚ್ಚಿಕೊಳ್ಳುವಾಗ ಬೇಡಿಕೊಳ್ಳುತ್ತಿದ್ದೆ. ಇದೂ ಮರೆತರೆ ನನ್ನ ಮಗಳ ದಾರಿ ಕಾಯುವವರು ಈ ಲೋಕದಲ್ಲಿ ಯಾರು ಉಳಿದರು ಎಂದು ರೊಟ್ಟಿ ಬಡಿಯುವಾಗ ಹೆದರುತ್ತಿದ್ದೆ. ಮರೆವು ದೇವರು ಕೊಟ್ಟ ವರವಂತೆ. ಯಾರಿಗೆ ವರ ಎಂಬುದನ್ನು ಹೇಳಿದವರು ಹೇಳಿಲ್ಲ.

ಮೊನ್ನೆ ಬಸ್ಸಿನ ಹಾರ್ನ್ ಆಯಿತು, ಪಾರಿ ಏಳಲಿಲ್ಲ. ಪಕ್ಕದ ಹುಡುಗಿಯ ಜಡೆ ಎಳೆಯುವುದರಲ್ಲಿ ಮಗ್ನಳಾಗಿದ್ದಳು. ಚಿಕ್ಕಿ ಸಿಕ್ಕಾಗ ಎಂದಿನಂತೆ ಕಚ್ಚಿ ಎರಡು ಮಾಡಿ, ಕಟ್ಟೆಗೆ ಓಡಿ ಬಂದು ಅರ್ಧವನ್ನು ನನ್ನ ಕೈಗಿಟ್ಟಳು.

"ಅವ್ವಗೇನವಾ?" ಎಂದೆ.

"ಅಲ್ಲ, ನಿನಗ. ಅವ್ವ ಬರಂಗಿಲ್ಲ" ಎಂದಳು. ಅಷ್ಟೇ ಹೇಳಿ, ಜಡೆಯ ಜಗಳ ಬಾಕಿಯಿದ್ದುದರಿಂದ ಒಳಗೆ ಓಡಿದಳು.

ಯಾರೂ ಅವಳಿಗೆ ಹೇಳಿರಲಿಲ್ಲ. ದಿನವೂ ಬಂದು ಬರಿಗೈಯಲ್ಲಿ ಹೋದ ಆ ನಾಳೆಗಳೇ ಹೇಳಿರಬೇಕು. ಮಗಳ ಪಾಲನ್ನು ಇಷ್ಟು ದಿನ ಹೇಗೋ ನುಂಗಿದ್ದೆ. ನನ್ನದೆಂದು ಕೊಟ್ಟ ಚೂರನ್ನು ಬಾಯಿಗಿಡಲಾಗಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದೆ.

ಈಗ ಪಾರಿಯ ಕಿಸೆ ಸ್ವಚ್ಛವಾಗಿರುತ್ತದೆ. ಆದರೂ ನೆನೆಹಾಕುವ ಮುನ್ನ ಹೊರಳಿಸಿ ನೋಡುತ್ತೇನೆ. ಇಂದು ಮುಂಜಾನೆ ಇರುವೆಗಳು ನನ್ನ ಸೆರಗಿಗೆ ಹತ್ತಿದ್ದವು.