ಬಾಯ್ಲರ್ ಮುಂದೆ ಕಾದು ಕೂರುವ ಈರೇಶ್

ಬೆಳಗಿನ ಬೆಳಕು ನೆಲಮಾಳಿಗೆಯ ಕಿರುಗಿಟಕಿಗೆ ಇನ್ನೂ ಹತ್ತಿಲ್ಲ. ಹೊರಗೆ ಹಿಮ ಗಟ್ಟಿಯಾಗಿ ಕಲ್ಲಾಗಿದೆ. ಫ್ಯಾರನ್‌ಹೀಟ್ ಲೆಕ್ಕದಲ್ಲೂ ಸೊನ್ನೆಗಿಂತ ಕೆಳಗಿನ ಚಳಿ. ಷಿಕಾಗೋ ಪಕ್ಕದ ಎಲ್ಮ್‌ಹರ್ಸ್ಟ್‌ನ ಹಳೆಯ ಇಟ್ಟಿಗೆ ಮನೆಯೊಂದರ ಬೇಸ್‌ಮೆಂಟಿನಲ್ಲಿ ಈರೇಶ್ ಮಂಡಿಯೂರಿ, ಕೈಗವಸು ಕಳಚಿ, ಬಾಯ್ಲರಿನಿಂದ ಹೊರಟ ಪೈಪಿನ ಮೇಲೆ ಅಂಗೈ ಇಟ್ಟಿದ್ದಾರೆ. ನೀರಿನ ಒತ್ತಡ ತೋರಿಸುವ ಗೇಜಿನ ಕಡೆ ಅವರು ಇನ್ನೂ ನೋಡಿಲ್ಲ.

‘ಮುಳ್ಳು ಒಮ್ಮೊಮ್ಮೆ ಸಿಕ್ಕೊಂಡು ನಿಂತಿರತೈತ್ರಿ. ಪೈಪು ಹಂಗಲ್ಲ. ಮುಟ್ಟಿದ್ರ ಗೊತ್ತಾಗತೈತಿ, ನೀರು ಮ್ಯಾಲೆ ಹೊಂಟೈತೋ ಇಲ್ಲೋ.’

ನೀರು ಮೇಲೆ ಹೊರಟಿಲ್ಲ. ಆಮೇಲೆ ಗೇಜು ನೋಡುತ್ತಾರೆ. ಹನ್ನೆರಡರ ಆಸುಪಾಸಿನಲ್ಲಿರಬೇಕಾದ ಮುಳ್ಳು ಮೂರಕ್ಕೆ ಬಿದ್ದಿದೆ.

ಇಂಥ ಹಳೆಯ ಮನೆಗಳಲ್ಲಿ ಬಾಯ್ಲರ್ ಕಾಯಿಸಿದ ನೀರು ಪೈಪುಗಳಲ್ಲಿ ಹರಿದು, ಕೋಣೆ ಕೋಣೆಯ ಕಬ್ಬಿಣದ ರೇಡಿಯೇಟರುಗಳನ್ನು ಬಿಸಿ ಮಾಡಿ, ತಣ್ಣಗಾಗಿ ವಾಪಸು ಬರುತ್ತದೆ. ಪ್ರೆಷರ್ ಕುಸಿದರೆ ನೀರು ಮೇಲಿನ ಅಂತಸ್ತಿಗೆ ಏರುವುದಿಲ್ಲ. ಈ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಣಂತಿ ಇದ್ದಾಳೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ.

ಈರೇಶ್ ಮೂಲತಃ ಬಾಗಲಕೋಟೆ ಸೀಮೆಯವರು. ತಂದೆ ಹೊಳೆದಂಡೆಯ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಆಪರೇಟರ್. ಮಗ ಐಟಿಐನಲ್ಲಿ ಫಿಟ್ಟರ್ ಓದಿ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಹೌಸ್ ಸೇರಿದರು. ಕಬ್ಬಿನ ಸಿಪ್ಪೆ ಉರಿದು ಉಗಿಯಾಗುವ ಜಾಗ ಅದು. ಒಂದು ಹಂಗಾಮಿನಲ್ಲಿ ಜೊತೆಗಾರ ಬಸವ, ಎಲ್ಲ ಆರಿದೆ ಎಂದುಕೊಂಡು ವಾಲ್ವೊಂದನ್ನು ತಿರುವಿದ. ಒಳಗೆ ಇನ್ನೂ ಉಗಿ ಇತ್ತು. ಅವನ ಎರಡೂ ಕೈ ಮೊಣಕೈವರೆಗೆ ಬೆಂದವು. ಈಗ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ, ದಸರೆಗೆ ಫೋನ್ ಮಾಡುತ್ತಾನೆ. ಅವನ ಮಾತು ಬಂದಾಗ ಈರೇಶ್ ಗೇಜಿನ ಮುಳ್ಳಿನ ಕಡೆ ಬೆರಳು ತೋರುತ್ತಾರೆ.

‘ಏರೂದು ನೋಡಿ ಎದ್ದು ಹೋಗಬಾರದ್ರಿ. ಇಳಿಯೂದೂ ನೋಡಬೇಕು. ಅವತ್ತ ಕಲತದ್ದು.’

ಹೆಂಡತಿ ಕೌಸಲ್ಯಾ ನರ್ಸ್. ಆಕೆಗೆ ಷಿಕಾಗೋದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಕುಟುಂಬ ಗ್ಲೆಂಡೇಲ್ ಹೈಟ್ಸ್‌ಗೆ ಬಂತು. ಈರೇಶ್ ಮೊದಲು ಗೋದಾಮೊಂದರಲ್ಲಿ ಪೆಟ್ಟಿಗೆ ಹೊತ್ತರು. ಸಂಜೆ ಕಮ್ಯುನಿಟಿ ಕಾಲೇಜಿನಲ್ಲಿ ಹೀಟಿಂಗ್ ಕೋರ್ಸ್ ಮಾಡಿದರು. ಯಂತ್ರ ಅರ್ಥವಾಗುತ್ತಿತ್ತು, ಇಂಗ್ಲಿಷ್ ಆಗುತ್ತಿರಲಿಲ್ಲ. ಈಗ ಸ್ವಂತ ವ್ಯಾನ್ ಇದೆ. ಚಳಿ ಬಿಗಿದ ದಿನ ಆರೇಳು ಮನೆ ಸುತ್ತುತ್ತಾರೆ; ಊಟ ವ್ಯಾನಿನಲ್ಲೇ, ರೊಟ್ಟಿ ಮತ್ತು ಶೇಂಗಾ ಚಟ್ನಿ. ಸಿಮೆಂಟಿನ ಮೇಲೆ ಊರಿ ಊರಿ ಮಂಡಿ ಹೋಗಿವೆ. ಬೆರಳ ತುದಿ ಚಳಿಗೆ ಸತ್ತಂತಾಗಿ ಅಂಗಿಯ ಗುಂಡಿ ಹಾಕಲು ಮಗಳು ಇಳಾಳ ನೆರವು ಬೇಕಾಗುತ್ತದೆ.

‘ಅಪ್ಪಾ, ಯು ಸ್ಮೆಲ್ ಲೈಕ್ ಓಲ್ಡ್ ಪೆನ್ನೀಸ್’ ಎಂದು, ಹಳೆಯ ಚಿಲ್ಲರೆ ಕಾಸಿನಂಥ ಆ ವಾಸನೆಗೆ ಮೂಗು ಹಿಡಿಯುತ್ತಾಳೆ ಅವಳು.

‘ಅದs ನನ್ನ ಅತ್ತರು, ನನ್ನವ್ವಾ’ ಎನ್ನುತ್ತಾರೆ ಇವರು.

ಎಲ್ಮ್‌ಹರ್ಸ್ಟ್‌ನ ಈ ಮನೆ ಸಾಕೇತ್ ಮತ್ತು ಅನು ಅವರದು. ಹೆರಿಗೆಗೆಂದು ಅನುವಿನ ತಾಯಿ ಅಂಬುಜಮ್ಮ ಮೈಸೂರಿನಿಂದ ಬಂದಿದ್ದಾರೆ. ಹಿಂದಿನ ವಾರ ಬೇರೊಬ್ಬ ಮೆಕ್ಯಾನಿಕ್ ಬಂದು ನೋಡಿದ್ದ. ಎಲ್ಲೂ ತೇವವಿಲ್ಲ, ಆದರೂ ಪ್ರೆಷರ್ ಇಳಿಯುತ್ತಿದೆ. ಅಂದರೆ ಅಡುಗೆಮನೆಯ ಸಿಮೆಂಟ್ ನೆಲದ ಅಡಿಯಲ್ಲಿ ಹೂತ ಪೈಪೇ ಸೋರುತ್ತಿರಬೇಕು ಎಂದಿದ್ದ. ತಾನಾಗಿ ನೀರು ತುಂಬುವ ವ್ಯವಸ್ಥೆಯನ್ನು ಬಂದ್ ಮಾಡಿ, ಮುಳ್ಳು ಬಿದ್ದಾಗಲೆಲ್ಲ ಕೈಯಿಂದಲೇ ನೀರು ಬಿಡಿ ಎಂದು ಹೇಳಿ ಹೋಗಿದ್ದ. ಅಂದಿನಿಂದ ಸಾಕೇತ್ ದಿನವೂ ನೀರು ಬಿಡುವುದು, ರಾತ್ರಿ ಕಳೆಯುವುದರೊಳಗೆ ಮುಳ್ಳು ಬೀಳುವುದು, ಇದೇ ಆಗಿದೆ. ನೆಲ ಒಡೆಯುವುದಾದರೆ ಬಾಯ್ಲರ್ ಆರಿಸಬೇಕು. ಬಾಣಂತಿಯನ್ನೂ ಕೂಸನ್ನೂ ಈ ಚಳಿಯಲ್ಲಿ ಹಾಫ್‌ಮನ್ ಎಸ್ಟೇಟ್ಸ್‌ನ ಗೆಳೆಯರ ಮನೆಗೆ ಸಾಗಿಸಬೇಕು.

‘ಈರೇಶಣ್ಣ, ನೀವೂ ಒಂದ್ಸಲ ನೋಡಿಬಿಡಿ. ಇಲ್ಲಾಂದ್ರೆ ಇವತ್ತು ಸಂಜೆನೇ ಶಿಫ್ಟ್ ಮಾಡ್ತೀವಿ’ ಎನ್ನುತ್ತಾರೆ ಸಾಕೇತ್. ನಿದ್ದೆಗೆಟ್ಟ ಕಣ್ಣು ಕೆಂಪಾಗಿವೆ.

‘ಹಸೀ ಬಾಣಂತಿ ಕಣಪ್ಪ. ಈ ಗಾಳೀಲಿ ಮಗು ಹೊರಗೆ ತಗೊಂಡು ಹೋಗೋದೇ?’ ಮೆಟ್ಟಿಲ ಮೇಲೆ ನಿಂತ ಅಂಬುಜಮ್ಮ ಕೇಳುತ್ತಾರೆ.

ಈರೇಶ್ ನೀರು ತುಂಬಿಸಿ ಮುಳ್ಳನ್ನು ಹನ್ನೆರಡಕ್ಕೆ ತಂದು ಬಾಯ್ಲರ್ ಹೊತ್ತಿಸುತ್ತಾರೆ. ಅವರ ಪದ್ಧತಿಯಂತೆ, ಮುಳ್ಳು ಏರಿ ಇಳಿಯುವವರೆಗೆ ಅಲ್ಲೇ ಡಬ್ಬ ಮಗುಚಿ ಹಾಕಿಕೊಂಡು ಕೂರಬೇಕು. ಆದರೆ ಮೇಲೆ ಕೂಸು ಅಳುತ್ತಿದೆ. ಮೊದಲು ಆ ಕೋಣೆ ಬೆಚ್ಚಗಾಗಲಿ ಎಂದು ಮೇಲೆ ಹೋಗಿ ರೇಡಿಯೇಟರಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಡುತ್ತಾರೆ. ಅಡುಗೆಮನೆಯ ನೆಲಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿಯಿಟ್ಟು ಕೇಳುತ್ತಾರೆ. ಏನೂ ಕೇಳಿಸುವುದಿಲ್ಲ. ಕೆಳಗೆ ಬಂದರೆ ಬಾಯ್ಲರ್ ತನ್ನ ಸುತ್ತು ಮುಗಿಸಿ ಆರುತ್ತಿದೆ. ಮುಳ್ಳು ಮತ್ತೆ ಇಳಿಯುತ್ತಿದೆ. ಟಾರ್ಚು ಬಿಟ್ಟು ಮೂಲೆಮೂಲೆ ನೋಡುತ್ತಾರೆ. ನೆಲ ಒಣ, ಅಲ್ಲಿ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳೂ ಒಣ. ಒಗೆಯುವ ತೊಟ್ಟಿಯ ಬಳಿ ಒಂದು ಬಕೆಟ್ ಬೋರಲಾಗಿ ಬಿದ್ದಿದೆ, ಅಷ್ಟೇ.

‘ಅವ ಹೇಳಿದ್ದ ಖರೆ ಇರಬಹುದ್ರಿ ಸಾಕೇತ್. ನೆಲದಾಗs ಐತೇನೋ. ಅವರನ್ನ ಕಳಸೂದು ಚಲೋ’ ಎನ್ನುತ್ತಾರೆ ಈರೇಶ್.

ಮೇಲೆ ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಕೇಳುತ್ತದೆ.

ಕೈ ತೊಳೆದು ಹೊರಡುವಾಗ ಹಾಲ್‌ನ ರೇಡಿಯೇಟರ್ ಮೇಲೆ ಅವರ ಕಣ್ಣು ಹೋಗುತ್ತದೆ. ಹಳೆಯ ಪಂಚೆ ಹರಿದು ಮಾಡಿದ ಕೂಸಿನ ಬಟ್ಟೆಗಳನ್ನು ಒಣಹಾಕಿದ್ದಾರೆ. ಮೆತ್ತಗಿನ ಬಿಳಿ ಬಟ್ಟೆ, ಅಂಚಿನಲ್ಲಿ ನಸುಗಂದು ಕಲೆ. ಮಗುವಿನ ಕಲೆಯಲ್ಲ ಅದು. ಈರೇಶ್ ಒಂದನ್ನು ಎತ್ತಿ ಮೂಗಿಗೆ ಹಿಡಿಯುತ್ತಾರೆ. ಮಗಳು ದಿನಾ ಸಂಜೆ ಹೇಳುವ ಅದೇ ಹಳೆಯ ಕಾಸಿನ ವಾಸನೆ.

‘ಅಮ್ಮಾರs, ಈ ಬಟ್ಟೀ ಯಾವ ನೀರಾಗ ಒಗೀತೀರಿ?’

‘ಕೆಳಗೇನೇ ಕಣಪ್ಪ. ಆ ನಿಮ್ಮ ಹಂಡೆ ಪಕ್ಕ ಒಂದು ಕೊಳವೆ ಬಗ್ಗಿದೆಯಲ್ಲ, ಅದರಲ್ಲಿ ಬಿಸಿನೀರು ಬರತ್ತೆ. ಉಸ್ ಅಂತ ಸದ್ದಾದ ತಕ್ಷಣ ಬಕೆಟ್ ಇಟ್ಟುಬಿಡ್ತೀನಿ. ಈಗಲೂ ಹಿಡಿದು ನಾಲ್ಕು ಬಟ್ಟೆ ಜಾಲಿಸಿ ಬಂದೆ. ಸುಮ್ನೆ ನೆಲಕ್ಕೆ ಯಾಕೆ ಹೋಗಬೇಕು?’

‘ಹೋದ ವಾರ ಅವ ಬಂದಾಗ?’

‘ಅವತ್ತು ಎತ್ತಿಟ್ಟು ನೆಲ ಒರೆಸಿದ್ದೆ. ಹೊರಗಿನವರು ಬರ್ತಾರೆ ಅಂದ್ರೆ ಒಗೆಯೋ ಬಕೆಟ್ ಕಣ್ಣಿಗೆ ಬೀಳೋ ಹಾಗೆ ಇಡ್ತಾರೇನಪ್ಪ?’

ಈರೇಶ್ ಮೊದಲು ಮಾಡಿದ ಕೆಲಸ ಬಾಯ್ಲರ್ ಕಡೆ ಓಡುವುದಲ್ಲ. ಅಂಬುಜಮ್ಮನ ಎರಡೂ ಕೈಗಳನ್ನು ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಬೆರಳಿನ ಬೆನ್ನ ಮೇಲೆ ಒಂದು ಸಣ್ಣ ಬೊಬ್ಬೆ, ಆರುತ್ತಿದೆ. ‘ಒಗ್ಗರಣೆ ಸಿಡಿದಿದ್ದು’ ಎನ್ನುತ್ತಾರೆ ಆಕೆ. ಅಲ್ಲವೆಂದು ಇಬ್ಬರಿಗೂ ತಿಳಿಯುತ್ತದೆ.

‘ಆ ಕೊಳವಿ ಹತ್ರ ಇನ್ನ ಕೈ ಒಯ್ಯಬ್ಯಾಡ್ರಿ ಅಮ್ಮಾ. ಅದು ಕೈಕಾಲು ಸುಡೂ ನೀರು. ಆ ನೀರು ಕೂಸಿನ ಬಟ್ಟಿಗೂ ಬ್ಯಾಡ. ಇರೂವನ್ನೆಲ್ಲ ಬ್ಯಾರೆ ನೀರಾಗ ಇನ್ನೊಮ್ಮೆ ಒಗದುಬಿಡ್ರಿ.’

ಮುಂದಿನದು ನೇರ. ಆ ಕೊಳವೆ ಸೇಫ್ಟಿ ವಾಲ್ವಿನದು. ಒತ್ತಡ ಮಿತಿಮೀರಿದರೆ ಮಾತ್ರ ಬಾಯಿ ತೆರೆಯುತ್ತದೆ. ಯಾಕೆ ಮೀರುತ್ತಿದೆ? ಬಾಯ್ಲರ್ ಪಕ್ಕ ಸಣ್ಣ ಟ್ಯಾಂಕು ನೇತಾಡುತ್ತಿದೆ. ಅದರೊಳಗೆ ರಬ್ಬರಿನ ಪರದೆ: ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ನೀರು ಕಾದು ಹಿಗ್ಗಿದಾಗ ಗಾಳಿ ಅಮುಕಿಕೊಂಡು ಜಾಗ ಕೊಡಬೇಕು. ಟ್ಯಾಂಕಿನ ಬುಡದಲ್ಲಿ ಸೈಕಲ್ ಟ್ಯೂಬಿಗಿರುವಂಥದೇ ಮೂತಿ. ಈರೇಶ್ ಅದನ್ನು ಒತ್ತುತ್ತಾರೆ. ಗಾಳಿ ಬರಬೇಕಾದಲ್ಲಿ ಕಂದು ನೀರು ಚಿಮ್ಮುತ್ತದೆ. ಪರದೆ ಹರಿದಿದೆ, ಹಿಗ್ಗಿದ ನೀರಿಗೆ ಜಾಗವಿಲ್ಲದೆ ವಾಲ್ವಿನಿಂದ ಹೊರಬೀಳುತ್ತಿದೆ. ತಣಿದ ಮೇಲೆ ಒಳಗೆ ಉಳಿಯುವ ನೀರು ಸಾಲದೆ ಮುಳ್ಳು ಬೀಳುತ್ತಿದೆ.

ಟ್ಯಾಂಕನ್ನೂ, ಬಾಯಿ ಸಡಿಲಾದ ವಾಲ್ವನ್ನೂ ಬದಲಾಯಿಸುತ್ತಾರೆ. ಎರಡೂ ವ್ಯಾನಿನಲ್ಲೇ ಇದ್ದವು. ಈ ಸಲ ಡಬ್ಬ ಮಗುಚಿ ಕೂರುತ್ತಾರೆ. ಮುಳ್ಳು ನಿಧಾನವಾಗಿ ಏರಿ, ಹದ್ದಿನೊಳಗೇ ನಿಂತು, ಮತ್ತೆ ಹನ್ನೆರಡಕ್ಕೆ ಇಳಿದು ಅಲ್ಲೇ ಉಳಿಯುವವರೆಗೆ ಏಳುವುದಿಲ್ಲ.

ಸಾಕೇತ್‌ಗೆ ಒಂದು ಅನುಮಾನ ಉಳಿದಿದೆ. ‘ಅಷ್ಟು ನೀರು ಬಿದ್ರೂ ನಮಗ್ಯಾಕೆ ಕಾಣಲಿಲ್ಲ ಅಣ್ಣ?’

ಅಂಬುಜಮ್ಮ ಸೆರಗಿನ ಅಂಚು ಹಿಡಿದು ನಿಂತಿದ್ದಾರೆ.

‘ನಾ ಮ್ಯಾಲೆ ಹೋಗದs ಇಲ್ಲೇ ನಿಂತಿದ್ರ ಕಾಣತಿತ್ರಿ’ ಎನ್ನುತ್ತಾರೆ ಈರೇಶ್. ‘ಅಮ್ಮಾರು ಬಕೆಟ್ ಇಟ್ಟಿದ್ದಕ್ಕ ನಿಮ್ಮ ಆ ರಟ್ಟಿನ ಪೆಟಗಿ ತೊಯ್ಯದs ಉಳದಾವು ನೋಡ್ರಿ. ಬಟ್ಟೀ ಕಲೀ ಕಾಣದಿದ್ರ ನಾನೂ ನೆಲಾ ಒಡಸ್ತಿದ್ದೆ.’

ಅನು ಸೂಟ್‌ಕೇಸಿನಿಂದ ಕೂಸಿನ ಟೋಪಿ, ಕುಲಾವಿ ವಾಪಸು ತೆಗೆದಿಡುತ್ತಾಳೆ.

ಈ ಪರಿಚಯ ಬರೆಯುವಾಗ, ಬಕೆಟ್ಟಿನ ವಿಷಯ ಪತ್ರಿಕೆಯಲ್ಲಿ ಬರುವುದು ಬೇಡವೆಂದೇ ಈರೇಶ್ ಹೇಳಿದ್ದರು. ಬರಲೆಂದು ಹೇಳಿದ್ದು ಅಂಬುಜಮ್ಮ. ‘ನನ್ನ ಹಾಗೆ ಬಾಣಂತನಕ್ಕೆ ಬರೋ ಅಮ್ಮಂದಿರು ಇನ್ನೂ ಇರ್ತಾರಲ್ಲ. ಓದಲಿ, ಕೈ ಸುಟ್ಟುಕೊಳ್ಳೋದು ತಪ್ಪತ್ತೆ.’

ಮರುದಿನ ಬೆಳಕು ಹರಿಯುವಾಗ ಈರೇಶರ ವ್ಯಾನ್ ಮತ್ತೆ ಆ ಮನೆ ಮುಂದೆ ನಿಂತಿದೆ. ಯಾರೂ ಕರೆದಿಲ್ಲ. ರಾತ್ರಿಯಿಡೀ ಉರಿದು ಆರಿದ ಬಾಯ್ಲರನ್ನು ಒಮ್ಮೆ ನೋಡದೆ ಅವರಿಗೆ ಆ ಮನೆಯ ಕೆಲಸ ಮುಗಿಯುವುದಿಲ್ಲ. ಕೈಯಲ್ಲಿ ಸ್ಟೀಲ್ ಡಬ್ಬಿ ಇದೆ: ಬಾಣಂತಿಗೆಂದು ಕೌಸಲ್ಯಾ ಕಟ್ಟಿದ ಅಂಟಿನುಂಡಿ. ಬಾಗಿಲು ತೆಗೆದ ಅಂಬುಜಮ್ಮ ಬಾಯಿಗೆ ಬೆರಳಿಡುತ್ತಾರೆ. ‘ಮೆಲ್ಲಗೆ ಕಣಪ್ಪ. ಈಗ ತಾನೇ ಮಲಗಿದಾರೆ ಇಬ್ರೂ.’

ಕೊಳವೆಯ ಕೆಳಗೆ ಈಗ ಬಕೆಟ್ ಇದೆ. ಇಡಿಸಿದ್ದು ಈರೇಶರೇ: ಇದರಲ್ಲಿ ನೀರು ಕಂಡ ದಿನ ಮುಟ್ಟದೆ ನನಗೆ ಫೋನ್ ಮಾಡಿ ಎಂದು. ಮಂಡಿಯೂರುತ್ತಾರೆ. ಪೈಪಿನ ಮೇಲೆ ಅಂಗೈ ಇಡುತ್ತಾರೆ. ಗೇಜು ನೋಡುತ್ತಾರೆ. ಕೊನೆಗೆ ಬಕೆಟ್ಟಿನ ತಳವನ್ನು ಬೆರಳಿನಿಂದ ಸವರಿ, ಬೆರಳನ್ನು ಅಂಬುಜಮ್ಮನಿಗೆ ತೋರಿಸುತ್ತಾರೆ.

‘ಒಣಗೈತ್ರಿ ಅಮ್ಮಾ. ಇನ್ನ ಚಳಿ ಮುಗಿಯೂತನಕ ನನ್ನ ನೆನಪs ಬರಬಾರದು ನಿಮಗ. ಅಷ್ಟಾದ್ರ ಸಾಕು ನನಗ.’